ಯಾವ ಬೆರಳು ಜೋಮು ಹಿಡಿಯುತ್ತದೆ? ಕಂಪ್ಯೂಟರ್ ಮುಂದೆ ದಿನವಿಡೀ ದುಡಿಯುವವರ ನರನೋವಿಗೆ ಒಂದು ಕೈಪಿಡಿ

ಕಲಬುರಗಿಯಲ್ಲಿ ಜೂನ್ ತಿಂಗಳು ಬಂದರೆ ನಮ್ಮಂಥ ಕಂಪ್ಯೂಟರ್ ಆಪರೇಟರ್‌ಗಳ ಕೈಗೆ ಬಿಡುವು ಇರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371 ಜೆ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶದ ನಮೂನೆ ಎಂದು ಬೆಳಿಗ್ಗೆ 9ಕ್ಕೆ ನಿಂತ ಸಾಲು ರಾತ್ರಿ 8 ಆದರೂ ಕರಗುವುದಿಲ್ಲ. ಅಂಥ ಒಂದು ಜೂನ್‌ನಲ್ಲಿ ನನಗೆ ನಡುರಾತ್ರಿ ಬಲಗೈ ಉರಿದು ಎಚ್ಚರವಾಗತೊಡಗಿತು. ಕೈ ಕೊಡವಿದರೆ ಎರಡು ನಿಮಿಷದಲ್ಲಿ ಶಮನವಾಗುತ್ತಿತ್ತು. ಮತ್ತೆ ನಿದ್ದೆ ಹತ್ತಿದ ಮೇಲೆ ಮರುಕಳಿಸುತ್ತಿತ್ತು. ನಾಲ್ಕು ತಿಂಗಳು ಮುಲಾಮು ಹಚ್ಚಿದೆ, ಒಂದು ದವಾಖಾನೆಯಲ್ಲಿ ವಾರಕ್ಕೊಂದರಂತೆ ವಿಟಮಿನ್ ಇಂಜೆಕ್ಷನ್ ಹಾಕಿಸಿಕೊಂಡೆ. ಅಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೆ ಬೇರೊಬ್ಬ ವೈದ್ಯರು ಮೊದಲ ಮಾತಿನಲ್ಲೇ ಕೇಳಿದರು: "ಯಾವ ಬೆರಳು?"

ನಾನು ಈ ಕೈಪಿಡಿಯನ್ನು ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ನರ ಎಲ್ಲಿ ಒತ್ತಲ್ಪಟ್ಟಿದೆ ಎಂಬುದನ್ನು ತಿಳಿಯದೆ ಕುರ್ಚಿ ಬದಲಿಸುವುದಾಗಲಿ, ಮಾತ್ರೆ ನುಂಗುವುದಾಗಲಿ, ಮಾಲೀಷು ಮಾಡಿಸಿಕೊಳ್ಳುವುದಾಗಲಿ ಹಣ ಮತ್ತು ಸಮಯದ ನಷ್ಟವೇ ಹೊರತು ಚಿಕಿತ್ಸೆಯಲ್ಲ. ಒತ್ತಡ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ನರ ಶಾಶ್ವತವಾಗಿ ಸೊರಗುವ ಅಪಾಯವಿರುವುದರಿಂದ ಇಲ್ಲಿ ಸಮಯದ ನಷ್ಟವೇ ಹೆಚ್ಚು ದುಬಾರಿ.

ನರದ ನೋವನ್ನು ಸ್ನಾಯುವಿನ ನೋವಿನಿಂದ ಬೇರ್ಪಡಿಸುವುದು

ದಿನವಿಡೀ ಕುಳಿತವರಿಗೆ ಭುಜ, ಬೆನ್ನು ಬಿಗಿಯುವುದು ಸಾಮಾನ್ಯ. ಸ್ನಾಯುವಿನ ನೋವು ಮಂದವಾಗಿರುತ್ತದೆ, ಒತ್ತಿದ ಜಾಗದಲ್ಲೇ ನೋಯುತ್ತದೆ, ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಕಡಿಮೆಯಾಗುತ್ತದೆ. ನರದ ನೋವಿನ ಸ್ವಭಾವ ಬೇರೆ. ಅದು ಉರಿಯುತ್ತದೆ, ಕರೆಂಟು ಹೊಡೆದಂತೆ ಮಿಂಚುತ್ತದೆ, ಒಂದು ಗೆರೆಯ ಗುಂಟ ಹರಿಯುತ್ತದೆ, ಅದರ ಜೊತೆಗೆ ಜೋಮು ಅಥವಾ ಮರಗಟ್ಟುವಿಕೆ ಇರುತ್ತದೆ. ನಮ್ಮ ಕಡೆಯವರು "ಕೈಯಾಗ ಇರುವಿ ಹರದಾಡ್ದಂಗ ಆಗ್ತದ್ರಿ" ಎಂದು ಹೇಳುತ್ತಾರೆ. ಲಕ್ಷಣವನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ, ಆದ್ದರಿಂದ ವೈದ್ಯರ ಮುಂದೆಯೂ ಇದೇ ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಇನ್ನೊಂದು ಮುಖ್ಯ ವ್ಯತ್ಯಾಸವೆಂದರೆ ನರ ಒತ್ತಲ್ಪಡುವ ಜಾಗ ಒಂದು, ನೋವು ಕಾಣಿಸಿಕೊಳ್ಳುವ ಜಾಗ ಇನ್ನೊಂದು. ತೊಂದರೆ ಕುತ್ತಿಗೆಯಲ್ಲಿದ್ದು ಜೋಮು ಬೆರಳ ತುದಿಯಲ್ಲಿರಬಹುದು.

ಕೈಯ ನಕ್ಷೆ ಬರೆಯಿರಿ

ಒಂದು ಬಿಳಿ ಹಾಳೆಯ ಮೇಲೆ ನಿಮ್ಮ ಕೈಯನ್ನಿಟ್ಟು ಸುತ್ತಲೂ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಜೋಮು, ಉರಿ ಇರುವಲ್ಲಿ ಬಣ್ಣ ತುಂಬಿ, ಪಕ್ಕದಲ್ಲಿ ಯಾವ ಹೊತ್ತಿಗೆ, ಏನು ಮಾಡುವಾಗ ಎಂದು ಬರೆಯಿರಿ. ಒಂದು ವಾರ ಹೀಗೆ ಮಾಡಿದರೆ ಸಾಕು. ಅವಸರದಲ್ಲಿ "ಇಡೀ ಕೈ" ಎಂದು ಹೇಳುವವರು ಕಿರುಬೆರಳನ್ನು ಪ್ರತ್ಯೇಕವಾಗಿ ಗಮನಿಸಿದಾಗ ಅದು ಚೆನ್ನಾಗಿಯೇ ಇದೆ ಎಂಬುದು ಅನೇಕ ಸಲ ತಿಳಿದುಬರುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಜೋಮು ಹಿಡಿದು ಕಿರುಬೆರಳು ಸ್ವಸ್ಥವಾಗಿದ್ದರೆ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಲ್ಪಟ್ಟಿರುವ ಸಂಭವ ಹೆಚ್ಚು. ಇದನ್ನೇ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಮಣಿಕಟ್ಟಿನ ಸಣ್ಣ ಮೂಳೆಗಳು ಮತ್ತು ಅವುಗಳ ಮೇಲೆ ಅಡ್ಡಲಾಗಿ ಬಿಗಿದ ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಅದರೊಳಗೆ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಈ ನರವೂ ಹಾದುಹೋಗುತ್ತದೆ. ಮಣಿಕಟ್ಟು ಮುಂದಕ್ಕೋ ಹಿಂದಕ್ಕೋ ಬಾಗಿದಾಗ ಒಳಗಿನ ಒತ್ತಡ ಏರುತ್ತದೆ. ಮಲಗಿದಾಗ ನಾವು ಅರಿವಿಲ್ಲದೆ ಮಣಿಕಟ್ಟನ್ನು ಮಡಿಸಿಕೊಂಡಿರುತ್ತೇವೆ, ಆದ್ದರಿಂದಲೇ ಈ ತೊಂದರೆ ರಾತ್ರಿ ಎಬ್ಬಿಸುತ್ತದೆ. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲದ ಕಡೆ ಮುಖಮಾಡುವಂತೆ ಮಣಿಕಟ್ಟನ್ನು ಮಡಿಸಿ ಒಂದು ನಿಮಿಷ ಹಿಡಿದಾಗ ಅದೇ ಬೆರಳುಗಳಲ್ಲಿ ಜೋಮು ಬಂದರೆ ಅನುಮಾನ ಬಲವಾಗುತ್ತದೆ. ಇದು ಸೂಚನೆ ಮಾತ್ರ; ರೋಗನಿರ್ಣಯ ವೈದ್ಯರ ಕೆಲಸ.

ಕಿರುಬೆರಳು ಮತ್ತು ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ ಜೋಮು ಹಿಡಿಯುತ್ತಿದ್ದರೆ ನೋಡಬೇಕಾದದ್ದು ಮೊಣಕೈ. ಮೊಣಕೈಯ ಒಳಮೂಲೆ ಬಾಗಿಲಿಗೆ ತಗುಲಿದಾಗ ಕರೆಂಟು ಹೊಡೆದಂತಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಚರ್ಮದ ಕೆಳಗೇ ಇರುವುದು ಅಲ್ನಾರ್ ನರ. ಗ್ರಾಹಕರ ಜೊತೆ ಮಾತನಾಡುತ್ತಾ ಗಾಜಿನ ಕೌಂಟರ್ ಮೇಲೆ ಅಥವಾ ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ಮೊಣಕೈ ಊರಿ ನಿಲ್ಲುವವರಿಗೂ, ಮೊಣಕೈ ಮಡಿಸಿ ಗಂಟೆಗಟ್ಟಲೆ ಮೊಬೈಲ್ ಹಿಡಿಯುವವರಿಗೂ ಇದು ಬರುತ್ತದೆ.

ತೋಳಿನ ಉದ್ದಕ್ಕೂ ನೋವು ಇಳಿದು, ಕುತ್ತಿಗೆಯನ್ನು ಹಿಂದಕ್ಕೆ ಚಾಚಿದಾಗ ಅಥವಾ ನೋವಿರುವ ಬದಿಗೆ ತಿರುಗಿಸಿದಾಗ ಹೆಚ್ಚಾಗುತ್ತಿದ್ದರೆ, ಆ ಕೈಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಾಗ ಹಾಯೆನಿಸುತ್ತಿದ್ದರೆ, ಒತ್ತಡ ಕುತ್ತಿಗೆಯ ಬಳಿ ನರದ ಬೇರಿನಲ್ಲಿರಬಹುದು. ಕೇಳಲು ಭಯವೆನಿಸಿದರೂ ಇದು ಬಹುಪಾಲು ಜನರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಗ್ಗುತ್ತದೆ. ಪೃಷ್ಠದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನ ಕಥೆಯೂ ಹೆಚ್ಚು ಕಡಿಮೆ ಇದೇ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂರುವ ಅಭ್ಯಾಸವಿದ್ದವರು ಇಂದೇ ಅದನ್ನು ತೆಗೆದು ಡ್ರಾಯರ್‌ನಲ್ಲಿಡಬೇಕು.

ರಾತ್ರಿಯ ಬೆಲ್ಟ್

ಮಣಿಕಟ್ಟಿನ ತೊಂದರೆಗೆ ನನ್ನ ಅನುಭವದಲ್ಲಿ ಅತ್ಯಂತ ಉಪಕಾರಿಯಾದದ್ದು, ವೈದ್ಯರೂ ಮೊದಲಿಗೆ ಸೂಚಿಸುವುದು, ರಾತ್ರಿ ಕಟ್ಟಿಕೊಳ್ಳುವ ಸ್ಪ್ಲಿಂಟ್. ಔಷಧದ ಅಂಗಡಿಯಲ್ಲಿ "ಮಣಿಕಟ್ಟಿನ ಬೆಲ್ಟ್" ಎಂದರೆ ಕೆಲವು ಸಲ ಕೇವಲ ಇಲಾಸ್ಟಿಕ್ ಪಟ್ಟಿಯನ್ನು ಕೊಡುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಬಿಗಿಯಾಗಿ ಸುತ್ತಿದರೆ ಒತ್ತಡ ಹೆಚ್ಚುವುದೂ ಉಂಟು. ಅಂಗೈ ಬದಿಯಲ್ಲಿ ಲೋಹದ ಅಥವಾ ಪ್ಲಾಸ್ಟಿಕ್‌ನ ಗಟ್ಟಿ ಪಟ್ಟಿಯಿರುವುದನ್ನೇ ಕೇಳಿ ಪಡೆಯಬೇಕು. ಅಂಥ ಅನೇಕ ಬೆಲ್ಟ್‌ಗಳಲ್ಲಿ ಪಟ್ಟಿ ಹಿಂದಕ್ಕೆ ಸ್ವಲ್ಪ ಬಾಗಿರುತ್ತದೆ. ಲೋಹದ್ದಾದರೆ ಅದನ್ನು ಹೊರತೆಗೆದು, ಮೇಜಿನ ಮೇಲಿಟ್ಟು ಒತ್ತಿ ನೇರ ಮಾಡಿ ಮತ್ತೆ ಸೇರಿಸಿ. ಕಟ್ಟಿಕೊಂಡಾಗ ಮಣಿಕಟ್ಟು ಮುಂಗೈಯ ನೇರದಲ್ಲಿರಬೇಕು, ಬೆರಳುಗಳು ಸಲೀಸಾಗಿ ಆಡಬೇಕು, ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಬೇಕು.

ಮೊದಲ ಎರಡು ಮೂರು ರಾತ್ರಿ ನಿದ್ದೆಯಲ್ಲಿ ಕಿತ್ತೆಸೆಯಬೇಕೆನಿಸುತ್ತದೆ, ಅದರಲ್ಲೂ ನಮ್ಮ ಮೇ ತಿಂಗಳ ಸೆಕೆಯಲ್ಲಿ. ಒಳಗೆ ತೆಳುವಾದ ಹತ್ತಿಯ ಬಟ್ಟೆ ಸುತ್ತಿಕೊಂಡರೆ ಅದು ಬೆವರು ಹೀರುತ್ತದೆ. ಪ್ರತಿ ರಾತ್ರಿ ತಪ್ಪದೆ ಕನಿಷ್ಠ 6 ವಾರ ಕಟ್ಟಿಕೊಂಡು ನೋಡಿ. ಎರಡು ರಾತ್ರಿ ಕಟ್ಟಿ "ಗುಣ ಕಾಣಲಿಲ್ಲ" ಎಂದು ಬಿಡುವುದು ಸರಿಯಲ್ಲ. ಹಗಲಿನಲ್ಲಿ ಟೈಪ್ ಮಾಡುವಾಗ ಮಾತ್ರ ಅದನ್ನು ಕಟ್ಟಿಕೊಳ್ಳಬೇಡಿ, ಏಕೆಂದರೆ ಗಟ್ಟಿ ಪಟ್ಟಿಯ ವಿರುದ್ಧ ಕೈ ಸೆಣಸಿ ಭುಜಕ್ಕೆ ಹೊರೆಯಾಗುತ್ತದೆ.

ಮೊಣಕೈಯ ನರಕ್ಕೆ ಇದಕ್ಕಿಂತ ಸರಳವಾದ ಉಪಾಯವಿದೆ. ಒಂದು ಟವೆಲನ್ನು ಮೊಣಕೈಯ ಸುತ್ತ ಸಡಿಲವಾಗಿ ಸುತ್ತಿ ಮಲಗಿದರೆ ಅದು ಪೂರ್ತಿ ಮಡಿಯುವುದಿಲ್ಲ. ಕೈಯನ್ನು ತಲೆದಿಂಬಿನ ಕೆಳಗಿಟ್ಟು ಮಲಗುವ ರೂಢಿಯಿದ್ದರೆ ಅದನ್ನು ಬಿಡಬೇಕು.

ಮೇಜು, ಕುರ್ಚಿ ಮತ್ತು ನುಡಿ ಕೀಲಿಮಣೆ

ನಮ್ಮಲ್ಲಿ ಅನೇಕ ಅಂಗಡಿಗಳ ಮತ್ತು ಕಚೇರಿಗಳ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್. ಕುರ್ಚಿ ಪ್ಲಾಸ್ಟಿಕ್‌ನದು, ಎತ್ತರ ಏರಿಸಲು ಇಳಿಸಲು ಬಾರದ್ದು. ಐದು ಅಡಿ ಎತ್ತರದ ಹೆಣ್ಣುಮಗಳೊಬ್ಬಳು ಅಲ್ಲಿ ಕುಳಿತರೆ ಭುಜ ಎತ್ತಿಯೇ ಟೈಪ್ ಮಾಡಬೇಕಾಗುತ್ತದೆ. ದುಬಾರಿ ಕುರ್ಚಿ ಕೊಳ್ಳಲು ಎಲ್ಲರಿಗೂ ಸಾಧ್ಯವಿಲ್ಲ, ಕೊಳ್ಳಲೇಬೇಕೆಂದೂ ಇಲ್ಲ. ಕೌದಿಯನ್ನು ಮಡಿಸಿ ಕುರ್ಚಿಯ ಮೇಲೆ ಹಾಕಿ, ಮೊಣಕೈ ಪಕ್ಕೆಗೆ ಅಂಟಿದಂತಿದ್ದು ಸುಮಾರು ಲಂಬಕೋನದಲ್ಲಿ ಬಾಗಿ ಕೈ ಕೀಲಿಮಣೆಯ ಮಟ್ಟಕ್ಕೆ ಬರುವವರೆಗೆ ಎತ್ತರಿಸಿಕೊಳ್ಳಿ. ಆಗ ಕಾಲು ನೆಲ ಮುಟ್ಟದಿದ್ದರೆ ಶಹಾಬಾದ್ ಫರ್ಸಿಯ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಪಾದ ಊರಬಹುದು. ಕಟ್ಟಡ ನಡೆಯುವ ಯಾವ ಓಣಿಯಲ್ಲೂ ಅಂಥ ತುಂಡು ಸಿಗುತ್ತದೆ. ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಮೇಜಿನ ಅಂಚು ಚೂಪಾಗಿದ್ದರೆ ಅದು ನೇರವಾಗಿ ಮಣಿಕಟ್ಟನ್ನು ಒತ್ತುತ್ತದೆ, ಅಂಚಿಗೆ ದಪ್ಪ ಬಟ್ಟೆ ಅಂಟಿಸಬೇಕು.

ಕೀಲಿಮಣೆಯ ಹಿಂಬದಿಯ ಎರಡು ಪುಟ್ಟ ಕಾಲುಗಳನ್ನು ಅನೇಕರು ಬಿಚ್ಚಿ ನಿಲ್ಲಿಸುತ್ತಾರೆ. ಅದರಿಂದ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಅವುಗಳನ್ನು ಮಡಿಸಿಡಿ. ಮೌಸ್ ಕೀಲಿಮಣೆಗೆ ಅಂಟಿಕೊಂಡೇ ಇರಲಿ, ಅದನ್ನು ಮಣಿಕಟ್ಟಿನಿಂದ ತಿರುಚದೆ ಮೊಣಕೈಯಿಂದ ಸರಿಸುವ ಅಭ್ಯಾಸವಾಗಲಿ. ಎಡಗೈಯಲ್ಲಿ ಮೌಸ್ ಹಿಡಿಯುವುದನ್ನು ಕಲಿಯಲು ನನಗೆ ಎರಡು ವಾರ ಬೇಕಾಯಿತು, ಆದರೆ ಬಲಗೈಯ ಅರ್ಧ ಹೊರೆ ಇಳಿಯಿತು.

ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಆ ಕೀಲಿ ವಿನ್ಯಾಸದಲ್ಲಿ ದೀರ್ಘ ಸ್ವರಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಒತ್ತಬೇಕು, ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ನಮ್ಮ ಬರವಣಿಗೆಯಲ್ಲಿ ಇವು ಹೆಜ್ಜೆ ಹೆಜ್ಜೆಗೂ ಬರುತ್ತವೆ. ಎಡಗೈಯ ಕಿರುಬೆರಳನ್ನು ಶಿಫ್ಟ್ ಮೇಲೆ ಒತ್ತಿ ಹಿಡಿದು ಅದೇ ಕೈಯ ಇನ್ನೊಂದು ಬೆರಳನ್ನು ಚಾಚಿ ಅಕ್ಷರ ಒತ್ತಿದರೆ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತದೆ. ಅಕ್ಷರ ಎಡಗೈಯ ಬದಿಯಲ್ಲಿದ್ದರೆ ಬಲಬದಿಯ ಶಿಫ್ಟ್, ಬಲಬದಿಯಲ್ಲಿದ್ದರೆ ಎಡಬದಿಯ ಶಿಫ್ಟ್ ಎಂಬುದನ್ನು ರೂಢಿಸಿಕೊಳ್ಳಲೇಬೇಕು. ಟೈಪಿಂಗ್ ಶಾಲೆಗಳಲ್ಲಿ ಹಿಂದೆ ಹಟದಿಂದ ಕಲಿಸುತ್ತಿದ್ದ ಈ ನಿಯಮದ ಬೆಲೆ ನನಗೆ ಕೈ ನೋಯತೊಡಗಿದ ಮೇಲೆಯೇ ಅರಿವಾಯಿತು.

ಕುತ್ತಿಗೆಗೆ ಸಂಬಂಧಿಸಿದಂತೆ ಎರಡು ಕೆಲಸಗಳಿವೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನಷ್ಟು ದೂರದಲ್ಲಿರಬೇಕು. ಲ್ಯಾಪ್‌ಟಾಪ್ ಆದರೆ ಹಳೆಯ ಲೆಕ್ಕದ ಪುಸ್ತಕಗಳ ಮೇಲೆ ಅದನ್ನು ಏರಿಸಿ ಪ್ರತ್ಯೇಕ ಕೀಲಿಮಣೆ ಬಳಸಬೇಕು. ಎರಡನೆಯದಾಗಿ, ನೋಡಿ ಟೈಪ್ ಮಾಡುವ ಕಾಗದವನ್ನು ಮೇಜಿನ ಮೇಲೆ ಮಲಗಿಸಬಾರದು. ಪರೀಕ್ಷೆಗೆ ಒಯ್ಯುವ ಪ್ಯಾಡಿಗೆ ಕಾಗದ ಸಿಕ್ಕಿಸಿ, ಪರದೆಯ ಪಕ್ಕದಲ್ಲಿ ಒರಗಿಸಿ ನಿಲ್ಲಿಸಿ.

ಬಿಡುವು ಮತ್ತು ಚಲನೆ

ಅರ್ಧ ಗಂಟೆಗೊಮ್ಮೆ ಎರಡು ನಿಮಿಷದ ಬಿಡುವು ನರಗಳಿಗೆ ಅಗತ್ಯ. ಸಾಲು ನಿಂತಿರುವಾಗ ಎದ್ದು ಹೋಗುವುದು ಕಷ್ಟವೆಂಬುದು ನನಗೆ ಗೊತ್ತು, ಆದ್ದರಿಂದ ಕೆಲಸದೊಳಗಿನ ಸಂದುಗಳನ್ನೇ ಬಳಸಿಕೊಳ್ಳಬೇಕು. ಸರ್ವರ್ ನಿಧಾನವಾದಾಗ ಮತ್ತೆ ಮತ್ತೆ ಕ್ಲಿಕ್ ಮಾಡುವುದನ್ನು ನಿಲ್ಲಿಸಿ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಡಿ. ಪ್ರಿಂಟ್ ಬರುವಾಗ ಎದ್ದು ನಿಲ್ಲಿ. ಒಟಿಪಿಗಾಗಿ ಕಾಯುವ ಹೊತ್ತಿನಲ್ಲಿ ಭುಜವನ್ನು ಹಿಂದಕ್ಕೆ ಐದು ಸಲ ತಿರುಗಿಸಿ.

ಮೀಡಿಯನ್ ನರಕ್ಕಾಗಿ ನಾನು ದಿನಕ್ಕೆ ಮೂರು ಸಲ ಮಾಡುತ್ತಿದ್ದ ಚಲನೆ ಹೀಗಿದೆ: ಮಣಿಕಟ್ಟು ನೇರವಿಟ್ಟು ಮೃದುವಾಗಿ ಮುಷ್ಟಿ ಕಟ್ಟುವುದು, ಬೆರಳುಗಳನ್ನು ನೇರವಾಗಿ ಬಿಡಿಸುವುದು, ಮಣಿಕಟ್ಟನ್ನು ನಿಧಾನವಾಗಿ ಹಿಂದಕ್ಕೆ ತರುವುದು, ಹೆಬ್ಬೆರಳನ್ನು ಪಕ್ಕಕ್ಕೆ ಚಾಚುವುದು, ಅಂಗೈಯನ್ನು ಮೇಲ್ಮುಖ ಮಾಡುವುದು. ಒಂದೊಂದು ಹಂತದಲ್ಲಿ ಐದು ಸೆಕೆಂಡು ನಿಂತು ಐದು ಸಲ ಮಾಡಿದರೆ ಸಾಕು. ನರವನ್ನು ಸ್ನಾಯುವಿನಂತೆ ಜಗ್ಗಬಾರದು, ಅದನ್ನು ತನ್ನ ದಾರಿಯಲ್ಲಿ ಜಾರಿಸಬೇಕು ಅಷ್ಟೆ. ಜೋಮು ಹೆಚ್ಚಾದ ಕೂಡಲೇ ಹಿಂದಿನ ಹಂತಕ್ಕೆ ಮರಳಬೇಕು.

ಮನೆಯ ಕೆಲಸವೂ ಲೆಕ್ಕಕ್ಕೆ ಸೇರುತ್ತದೆ

ಕಾರ್ಪಲ್ ಟನಲ್ ತೊಂದರೆಗೆ ಕೀಲಿಮಣೆಯೊಂದೇ ಕಾರಣವೆಂದು ಸಾಧಿಸಿಲ್ಲ; ಬಲ ಹಾಕಿ ಹಿಡಿಯುವ, ಕೈ ಬಾಗಿಸಿ ಪದೇ ಪದೇ ಮಾಡುವ, ಕಂಪನವಿರುವ ಕೆಲಸಗಳ ಪಾಲು ಅದರಲ್ಲಿ ದೊಡ್ಡದು. ಈ ಭಾಗದ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಬಿಸಿನೀರಿನಲ್ಲಿ ಜೋಳದ ಹಿಟ್ಟನ್ನು ಅಂಗೈಯ ಬುಡದಿಂದ ನಾದಿ, ಇಪ್ಪತ್ತು ರೊಟ್ಟಿ ಬಡಿದು, ಆಮೇಲೆ ಎಂಟು ಗಂಟೆ ಟೈಪ್ ಮಾಡುವ ಕೈಗೆ ಎರಡು ಪಾಳಿಯ ದುಡಿಮೆ. ಅಂಗೈಯ ಬುಡವೇ ಆ ಸುರಂಗದ ಛಾವಣಿ. ನೋವಿರುವ ತಿಂಗಳುಗಳಲ್ಲಿ ನಾದುವ ಕೆಲಸವನ್ನು ಮನೆಯ ಇನ್ನೊಬ್ಬರು, ಗಂಡಸರೂ ಸೇರಿ, ವಹಿಸಿಕೊಳ್ಳಬೇಕು, ಅಥವಾ ರೊಟ್ಟಿ ಮಾರುವವರಿಂದ ಕಡಕ್ ರೊಟ್ಟಿ ತರಬೇಕು. ಇದು ಸೋಮಾರಿತನವಲ್ಲ, ಚಿಕಿತ್ಸೆಯ ಭಾಗ. ಬಟ್ಟೆ ಹಿಂಡುವುದಕ್ಕೂ, ದೂರದ ಊರಿನಿಂದ ಬೈಕ್ ಓಡಿಸಿಕೊಂಡು ಬರುವವರು ಹ್ಯಾಂಡಲ್ ಬಿಗಿದು ಹಿಡಿಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ರಕ್ತ ಪರೀಕ್ಷೆಯಲ್ಲಿ ಏನನ್ನು ನೋಡಬೇಕು

ಎರಡೂ ಪಾದಗಳಲ್ಲಿ ಸಾಕ್ಸ್ ತೊಟ್ಟಂತೆ ಸಮನಾಗಿ ಉರಿ, ಜೋಮು ಇದ್ದರೆ ಕುರ್ಚಿಯನ್ನು ದೂರಬೇಡಿ. ಸಕ್ಕರೆ ಕಾಯಿಲೆ ಅಥವಾ ಬಿ 12 ವಿಟಮಿನ್ ಕೊರತೆಯನ್ನು ಶಂಕಿಸಿ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಕೊರತೆ ಇದ್ದವರಲ್ಲಿ ಮಣಿಕಟ್ಟಿನ ನರವೂ ಬೇಗ ಒತ್ತಡಕ್ಕೆ ಸಿಲುಕುತ್ತದೆ. ಗರ್ಭಿಣಿಯರಲ್ಲಿ ಬರುವ ಕೈಜೋಮು ಹೆಚ್ಚಾಗಿ ಹೆರಿಗೆಯ ನಂತರ ತಾನಾಗಿ ಇಳಿಯುತ್ತದೆ. ಬಿ 12 ಸಹಜವಾಗಿ ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಶೇಂಗಾ ಹಿಂಡಿ, ಪುಂಡಿ ಪಲ್ಯ, ರೊಟ್ಟಿಯ ಊಟ ಎಷ್ಟು ಸತ್ವಯುತವಾಗಿದ್ದರೂ ಅದರಲ್ಲಿ ಈ ವಿಟಮಿನ್ ಇಲ್ಲ, ಹೀಗಾಗಿ ಶಾಕಾಹಾರಿಗಳು ಮೊಸರನ್ನು ಬಿಡಬಾರದು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಝೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲೂ ಬಿ 12 ಕಡಿಮೆಯಾಗಬಹುದು.

ನಮ್ಮ ಜಿಲ್ಲೆಗಳಲ್ಲಿ ಮರೆಯಬಾರದ ಇನ್ನೊಂದು ಕಾರಣ ಕುಷ್ಠರೋಗ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಅಥವಾ ಕೆಂಪಾದ ಮಚ್ಚೆ ಮೈಮೇಲಿದ್ದರೆ ಅಥವಾ ಮೊಣಕೈಯ ಬಳಿ ನರ ಹಗ್ಗದಂತೆ ದಪ್ಪವಾಗಿದ್ದರೆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ತೋರಿಸಿ. 6 ಅಥವಾ 12 ತಿಂಗಳ ಉಚಿತ ಔಷಧದಿಂದ ಅದು ಪೂರ್ತಿ ಗುಣವಾಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಮಾತ್ರ ಕೈ ಕಳೆದುಕೊಳ್ಳುವ ಅಪಾಯವಿದೆ.

ಮಾತ್ರೆಗಳ ವಿಷಯ

ಸಾಮಾನ್ಯ ನೋವಿನ ಮಾತ್ರೆಗಳು ನರನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ನೀರು ಸಾಲದ ದೇಹಕ್ಕೆ ಡೈಕ್ಲೋಫೆನಾಕ್‌ನಂಥವನ್ನು ದಿನವೂ ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ನರನೋವಿಗೆಂದೇ ವೈದ್ಯರು ಬರೆಯುವ ಪ್ರೆಗಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ತೂಕಡಿಕೆ ತರುತ್ತವೆ. ಮೊದಲ ದಿನಗಳಲ್ಲಿ ಬೈಕ್ ಓಡಿಸಬಾರದು, ನಿಲ್ಲಿಸುವಾಗಲೂ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ನೆರೆಯವರ ಚೀಟಿ ತೋರಿಸಿ ಇವನ್ನು ಕೊಳ್ಳುವುದು ತಪ್ಪು. "ನರದ ಶಕ್ತಿಗೆ" ಎಂದು ಮಾರುವ ಗುಳಿಗೆಗಳಲ್ಲಿ ಬಿ 6 ವಿಟಮಿನ್ ಹೆಚ್ಚಿನ ಪ್ರಮಾಣದಲ್ಲಿದ್ದು ಅದನ್ನು ತಿಂಗಳುಗಟ್ಟಲೆ ನುಂಗಿದರೆ, ಅದೇ ನರಗಳನ್ನು ಕೆಡಿಸಿ ಜೋಮು ತರಬಲ್ಲದು ಎಂಬುದು ಅನೇಕರಿಗೆ ತಿಳಿದಿಲ್ಲ.

ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಅಪರೂಪಕ್ಕಾದರೂ ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದು.

ಕಾಯದೆ ಹೋಗಬೇಕಾದ ಸಂದರ್ಭಗಳು

ಎಡತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದನ್ನು ನರವೆಂದು ಭಾವಿಸದೆ 108ಕ್ಕೆ ಕರೆಮಾಡಿ. ಒಂದೇ ಬದಿಯ ಕೈಕಾಲು ಹಠಾತ್ತನೆ ಶಕ್ತಿ ಕಳೆದುಕೊಂಡರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಆಗಲೂ ಅಷ್ಟೆ. ಕಾಲುನೋವಿನ ಜೊತೆ ಗುದದ ಸುತ್ತಲೂ ತೊಡೆಗಳ ಸಂದಿನಲ್ಲೂ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು, ಮರುದಿನವಲ್ಲ. ಕೈಯಿಂದ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲು ಬಾರದಿರುವುದು, ಹೆಬ್ಬೆರಳಿನ ಬುಡದ ಮಾಂಸಖಂಡ ಇಳಿದು ಚಪ್ಪಟೆಯಾಗುವುದು, ನಡಿಗೆ ತಡವರಿಸುವುದು ಇವು ತಡಮಾಡಬಾರದ ಚಿಹ್ನೆಗಳು.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾಗಿದ್ದು, ಮೂಳೆ ಅಥವಾ ಮೆಡಿಸಿನ್ ವಿಭಾಗದ ಹೊರರೋಗಿ ಚೀಟಿ ಮಾಡಿಸಿ ಆರಂಭಿಸಬಹುದು. ಹೋಗುವಾಗ ಕೈಯ ನಕ್ಷೆ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಸಕ್ಕರೆ ವರದಿ ಮತ್ತು ನೀವು ಕೆಲಸಕ್ಕೆ ಕೂರುವ ಭಂಗಿಯ ಪಕ್ಕದಿಂದ ತೆಗೆದ ಒಂದು ಫೋಟೊ ಒಯ್ಯಿರಿ. ವೈದ್ಯರು ನರದ ವಹನ ಪರೀಕ್ಷೆ (ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವುದು) ಹೇಳಿದರೆ ಅಂದು ಕೈಗೆ ಎಣ್ಣೆ ಹಚ್ಚಬೇಡಿ. ಸಣ್ಣ ಸಣ್ಣ ಕರೆಂಟಿನ ಮಿಡಿತಗಳು ತಗಲುತ್ತವೆ, ಸಹಿಸಬಹುದಾದಷ್ಟೇ ಇರುತ್ತವೆ, ಆದರೆ ಪೇಸ್‌ಮೇಕರ್ ಇದ್ದವರು ಮೊದಲೇ ತಿಳಿಸಬೇಕು.

ಬೆಲ್ಟ್ ಮತ್ತು ಬದಲಾದ ಅಭ್ಯಾಸಗಳಿಂದ ಗುಣ ಕಾಣದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಸ್ನಾಯು ಸೊರಗತೊಡಗಿದ್ದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದು ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ, ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಅದೇ ದಿನ ಮನೆಗೆ ಕಳುಹಿಸುವ ಚಿಕಿತ್ಸೆ. ರಾತ್ರಿಯ ಉರಿ ಬೇಗ ನಿಲ್ಲುತ್ತದೆ, ಬೆರಳ ತುದಿಯ ಸ್ಪರ್ಶ ಮತ್ತು ಹಿಡಿತದ ಬಲ ಮರಳಲು ತಿಂಗಳುಗಳೇ ಬೇಕಾಗುತ್ತವೆ. ಹೊಲಿಗೆ ಬಿಚ್ಚಿದ ಮೇಲೆ ಮೊದಲು ಹತ್ತು ನಿಮಿಷದ ಟೈಪಿಂಗ್, ಅದು ಸಲೀಸಾದ ಮೇಲೆ ಅರ್ಧ ದಿನದ ಕೆಲಸ, ಬೈಕ್ ಅದರ ನಂತರ. ಹಿಟ್ಟು ನಾದಿ ರೊಟ್ಟಿ ಬಡಿಯುವುದು ಎಲ್ಲಕ್ಕಿಂತ ಕೊನೆಗೆ, ವೈದ್ಯರು ಕೈ ಹಿಡಿದು ನೋಡಿ ಒಪ್ಪಿದ ಮೇಲೆ.